ವೆಲ್ಡಿಂಗ್ ಬೆಳಕು: ಕಣ್ಣಿಗೆ ಕಾವಲು ಬೇಕು

ವರದಾ ನದಿ ಹುಟ್ಟುವ ವರದಮೂಲದ ಆಸುಪಾಸಿನಲ್ಲಾಗಲಿ, ಹೊಸನಗರ, ತೀರ್ಥಹಳ್ಳಿಗಳ ಕಡೆಯಾಗಲಿ, ಕೊನೆ ಕೊಯ್ಲು ಹತ್ತಿರ ಬಂತೆಂದರೆ ರಿಪೇರಿ ಕೆಲಸವೂ ಬಂತು. ಅಡಿಕೆ ಸುಲಿಯುವ ಯಂತ್ರದ ಕಾಲು ಬಿಟ್ಟಿರುತ್ತದೆ, ತೋಟದ ಗೇಟು ಜೋತು ಬಿದ್ದಿರುತ್ತದೆ. ಹಿಂದೆ ಇವನ್ನೆಲ್ಲ ಪೇಟೆಗೆ ಹೊರಬೇಕಿತ್ತು. ಈಗ ಕೈಯಲ್ಲಿ ಎತ್ತಿಕೊಂಡು ಹೋಗುವಂಥ ವೆಲ್ಡಿಂಗ್ ಯಂತ್ರ ಎಷ್ಟೋ ಬೆಳೆಗಾರರ ಕೊಟ್ಟಿಗೆಯಲ್ಲೇ ಇದೆ. ಯಂತ್ರ ಕೊಂಡವರೆಲ್ಲರೂ ಮುಖಕ್ಕೆ ಹಿಡಿಯುವ ಕವಚವನ್ನೂ ಕೊಂಡಿದ್ದಾರೆಯೇ ಎಂಬುದು ಪ್ರಶ್ನೆ.

ಹಗಲು ಸುಮ್ಮನೆ, ರಾತ್ರಿ ಉರಿ

ವೆಲ್ಡಿಂಗ್ ಕಿಡಿಯಲ್ಲಿ ಕಣ್ಣಿಗೆ ಕಾಣುವ ಬೆಳಕಷ್ಟೇ ಅಲ್ಲ, ಕಾಣದ ಅತಿನೇರಳೆ ಕಿರಣಗಳೂ ಇವೆ. ಇವು ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ಸುಡುತ್ತವೆ. ಆದರೆ ಆ ಕ್ಷಣಕ್ಕೆ ನೋವಿಲ್ಲ. ಸಾಮಾನ್ಯವಾಗಿ ೬ರಿಂದ ೧೨ ಗಂಟೆಗಳ ಮೇಲೆ ಮರಳು ಹೊಕ್ಕಂತೆ ಚುಚ್ಚು, ನೀರು, ಬೆಳಕು ನೋಡಲಾರದ ಉರಿ. ಆದ್ದರಿಂದಲೇ "ನನಗೇನೂ ಆಗಲಿಲ್ಲ" ಎಂದು ಸಂಜೆ ಹೇಳಿದವರು ನಡುರಾತ್ರಿ ಎದ್ದು ಕೂರುತ್ತಾರೆ. ಚರ್ಮವೂ ಬಿಸಿಲಿಗೆ ಬೆಂದಂತೆ ಕೆಂಪಾಗುತ್ತದೆ.

ಹೀಗಾದಾಗ ಎದೆಹಾಲು, ಹರಳೆಣ್ಣೆ ಮುಂತಾದ ಯಾವುದನ್ನೂ ಕಣ್ಣಿಗೆ ಬಿಡಬಾರದು, ಸೋಂಕು ತಗಲೀತು. ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಮತ್ತೆ ಮತ್ತೆ ಹಾಕಿಕೊಳ್ಳುವುದು ಇನ್ನೂ ಅಪಾಯ. ಅದು ಗಾಯ ಮಾಯುವುದನ್ನೇ ತಡೆಯುತ್ತದೆ. ಕತ್ತಲ ಕೋಣೆ, ತಣ್ಣೀರ ಬಟ್ಟೆ, ವೈದ್ಯರ ಸಲಹೆ, ಇಷ್ಟು ಸಾಕು. ಹೆಚ್ಚಿನವರಿಗೆ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಗುಣವಾಗದಿದ್ದರೆ, ದೃಷ್ಟಿ ಮಂಜಾದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಲೇಬೇಕು.

ಯಾವ ಗಾಜು?

ಬಿಸಿಲಿನ ಕಪ್ಪು ಕನ್ನಡಕ ವೆಲ್ಡಿಂಗಿಗೆ ಸಲ್ಲದು. ಗ್ಯಾಸ್ ವೆಲ್ಡಿಂಗಿನ ಕನ್ನಡಕವೂ ಕರೆಂಟಿನ ವೆಲ್ಡಿಂಗಿಗೆ ಸಾಲದು. ಕಡ್ಡಿ ಹಚ್ಚಿ ಮಾಡುವ ಮನೆಬಳಕೆಯ ಕೆಲಸಕ್ಕೆ, ಸುಮಾರು ೧೬೦ ಆಂಪಿಯರ್‌ವರೆಗೆ, ೧೦ನೇ ನಂಬರಿನ ಗಾಜು. ಅದಕ್ಕೂ ಮೇಲೆ ೨೫೦ರವರೆಗೆ ೧೨ನೇ ನಂಬರು. ಕೈಯಲ್ಲಿ ಹಿಡಿಯುವ ಕವಚಕ್ಕಿಂತ ತಲೆಗೆ ಹಾಕುವುದು ಮೇಲು. ಎರಡೂ ಕೈ ಬಿಡುವಾಗಿರುತ್ತವೆ, ಕುತ್ತಿಗೆಯವರೆಗೂ ಮರೆಯಾಗುತ್ತದೆ. ಗಾಜು ಸೀಳಿದ್ದರೆ ಕೂಡಲೇ ಬದಲಿಸಿ. ಉದ್ದ ತೋಳಿನ ಹತ್ತಿ ಅಂಗಿ ಇರಲಿ. ನೈಲಾನ್ ಬಟ್ಟೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ.

ಕಿಡಿ ಆರಿದ ಮೇಲೂ

ಕೆಲಸ ಮುಗಿಯಿತೆಂದು ಕವಚ ತೆಗೆದು ಸುತ್ತಿಗೆಯಿಂದ ಕಿಟ್ಟ ಬಡಿಯುವಾಗ, ಗ್ರೈಂಡರ್ ಹಿಡಿಯುವಾಗ ಚೂರು ಸಿಡಿಯುತ್ತದೆ. ಆದ್ದರಿಂದ ಕವಚದ ಒಳಗೆ ಬಣ್ಣವಿಲ್ಲದ ರಕ್ಷಣಾ ಕನ್ನಡಕ ಇರಲೇಬೇಕು. ಚೂರು ಕಣ್ಣಿಗೆ ನಾಟಿದರೆ ಉಜ್ಜಬೇಡಿ, ಕೀಳಲೂ ಬೇಡಿ. ಒತ್ತದಂತೆ ಒಂದು ಲೋಟವನ್ನು ಮರೆಯಾಗಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಕಬ್ಬಿಣದ ಚೂರು ಕಣ್ಣಲ್ಲೇ ಉಳಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ.

ಸುತ್ತ ಮುಚ್ಚಿದ ಮಾದರಿಯ ಕನ್ನಡಕ ಕೊಂಡರೆ ಅದು ಬೇರೆ ಕೆಲಸಕ್ಕೂ ಬಂತು. ಕೊಳೆ ಔಷಧಿಗೆ ಸುಣ್ಣ ಅರಳಿಸುವಾಗ, ಯಂತ್ರದಿಂದ ಕಳೆ ಹೊಡೆಯುವಾಗ ಅದನ್ನೇ ಹಾಕಿಕೊಳ್ಳಬಹುದು. ಸುಣ್ಣ ಸಿಡಿದರೆ ಮಾತ್ರ ತಡಮಾಡದೆ ಧಾರಾಳ ನೀರಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಕೊನೆಯದಾಗಿ, ನೋಡುವವರ ಮಾತು. ವೆಲ್ಡಿಂಗ್ ಎಂದರೆ ಮಕ್ಕಳಿಗೆ ದೀಪಾವಳಿ. ಕಬ್ಬಿಣ ಹಿಡಿದುಕೊಂಡು ನಿಂತ ಆಳಿಗೆ ಕವಚ ಕೊಡುವವರು ಕಡಿಮೆ. ಮಕ್ಕಳನ್ನು ದೂರ ಕಳಿಸಿ, ಸಹಾಯಕನಿಗೂ ಒಂದು ಕವಚ ಕೊಡಿಸಿ, ನಡುವೆ ಒಂದು ಮರೆ ಕಟ್ಟಿ. ಕೊಯ್ಲಿನ ಕಾಲದಲ್ಲಿ ಒಬ್ಬ ಆಳು ಎರಡು ದಿನ ಕಣ್ಣು ಮುಚ್ಚಿ ಮಲಗಿದರೆ ಆಗುವ ನಷ್ಟವನ್ನು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಹೋದ ಕಣ್ಣಿಗಂತೂ ಲೆಕ್ಕವೇ ಇಲ್ಲ.