ಹಸಿ ಬೀಜ ಹಾಕಿದರೆ ಕಾಫಿ ಕೊಡುವ ಯಂತ್ರ

ಮದ್ದೂರಿನಲ್ಲಿ ನನ್ನ ಮಾಮುವಿನದು ಒಂದು ಕಾಫಿ ಪುಡಿ ಅಂಗಡಿ. ಭಾನುವಾರಗಳಲ್ಲಿ ನಾನು ವೈದ್ಯನಾಥಪುರದಿಂದ ಹೋಗಿ ತೂಕ ಮಾಡಿಕೊಡುತ್ತೇನೆ, ಪೊಟ್ಟಣ ಕಟ್ಟುತ್ತೇನೆ. ಕಳೆದ ತಿಂಗಳು ಮಾಮು ಐದು ಕೆ.ಜಿ. ಬೀಜವನ್ನು ಕರಕಲು ಮಾಡಿಬಿಟ್ಟರು. ಮೂವತ್ತು ವರ್ಷದಿಂದ ಹುರಿಯುತ್ತಿರುವವರು! ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರು, ಮೈಸೂರಿನ ಗಿರಾಕಿಗಳು ಮೊದಲಿನಷ್ಟು ಊರೊಳಗೆ ಬರುವುದಿಲ್ಲ. ಹಾಗಾಗಿ ಐದು ಕೆ.ಜಿ. ಸಣ್ಣ ನಷ್ಟವಲ್ಲ. ಕಾರಣ ಕೇಳಿದರೆ ಮೊದಲು ಮಾತಾಡಲಿಲ್ಲ. ಆಮೇಲೆ, "ಈಗೀಗ ಚಟಪಟ ಸದ್ದು ಸರಿಯಾಗಿ ಕೇಳಿಸ್ತಾ ಇಲ್ಲ ಬೇಟಾ" ಎಂದರು.

ಅದೇ ವಾರ ಗಿರಾಕಿಯೊಬ್ಬರು ಫೋನಿನಲ್ಲಿ ವಿಡಿಯೊ ತೋರಿಸಿ, "ಸಾಬ್ರೆ, ಹಸಿ ಬೀಜ ಹಾಕಿ ಗುಂಡಿ ಒತ್ತಿದ್ರೆ ಇದೇ ಹುರಿದು, ಪುಡಿ ಮಾಡಿ, ಕಾಫೀನೂ ಇಳಿಸಿ ಕೊಡುತ್ತೆ. ಇನ್ನು ನಿಮ್ಮ ಕತೆ ಮುಗೀತು" ಎಂದು ನಕ್ಕರು. ಮಾಮುವೂ ನಕ್ಕರು. ಸಂಜೆ ಬಾಗಿಲು ಹಾಕುವಾಗ ಮಾತ್ರ "ಅದು ನಿಜವಾ?" ಎಂದು ನನ್ನನ್ನು ಕೇಳಿದರು.

ನಿಜ. 2013ರಲ್ಲಿ ಜರ್ಮನಿಯ ಬರ್ಲಿನ್ ನಗರದ ಬೊನಾವರ್ಡೆ ಎಂಬ ಕಂಪನಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಹಣ ಕೂಡಿಸಿ ಇಂಥ ಯಂತ್ರ ಮಾಡಲು ಹೊರಟಿತು. ಪುಡಿ ಮಾಡಿ ಕಾಫಿ ಇಳಿಸುವ ಯಂತ್ರಗಳು ಹೊಸದೇನಲ್ಲ, ದೊಡ್ಡ ಕಚೇರಿಗಳಲ್ಲಿ ನೀವೂ ನೋಡಿರುತ್ತೀರಿ. ಕಷ್ಟ ಇರುವುದು ಹುರಿಯುವುದರಲ್ಲಿ.

ಹಸಿ ಕಾಫಿ ಬೀಜ ಎಂದರೆ ಮೊಳೆಯಬಲ್ಲ ಬೀಜ. ಹುರಿದರೆ ಮೊಳೆಯುವುದಿಲ್ಲ. ನಮ್ಮ ನಾಡಿನ ಕಾಫಿಯ ಕತೆ ಶುರುವಾಗುವುದೂ ಇದರಿಂದಲೇ. ಯೆಮನ್‌ನ ವ್ಯಾಪಾರಿಗಳು ಮೊಳೆಯದಂತೆ ಮಾಡಿದ ಬೀಜವನ್ನಷ್ಟೇ ಹೊರಗೆ ಬಿಡುತ್ತಿದ್ದರಂತೆ. 17ನೇ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಬಾಬಾ ಬುಡನ್ ಅವರು ಮೋಖಾದಿಂದ ಏಳು ಹಸಿ ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಇಂದು ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಭಾಗ ಕರ್ನಾಟಕದ್ದು.

ಈ ಹಸಿ ಬೀಜಕ್ಕೆ ಕಾಫಿಯ ಘಮ ಇಲ್ಲ, ಹುಲ್ಲಿನ ವಾಸನೆ. ಅದರಲ್ಲಿ ಶೇ. 10ರಿಂದ 12ರಷ್ಟು ನೀರಿರುತ್ತದೆ. ಕಾಯಿಸಿದಾಗ ಮೊದಲು ಆ ನೀರು ಹೋಗಿ ಬೀಜ ಹಳದಿಯಾಗುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬೀಜದ ಸಕ್ಕರೆಯೂ ಅಮೈನೊ ಆಮ್ಲಗಳೂ ಸೇರಿ ಕಂದು ಬಣ್ಣ, ಘಮ ಹುಟ್ಟುತ್ತವೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಮೈಲಾರ್ಡ್ ಕ್ರಿಯೆ ಎನ್ನುತ್ತಾರೆ. ರೊಟ್ಟಿ ಕೆಂಪಗಾಗುವುದೂ ಇದರಿಂದಲೇ. 200 ಡಿಗ್ರಿಯ ಆಸುಪಾಸಿನಲ್ಲಿ ಬೀಜದೊಳಗಿನ ಹಬೆ ಮತ್ತು ಇಂಗಾಲದ ಡೈಆಕ್ಸೈಡ್ ಒತ್ತಡ ತಾಳಲಾರದೆ ಬೀಜ ಚಟ್ ಎಂದು ಬಿರಿಯುತ್ತದೆ. ಮಾಮುವಿಗೆ ಈಗ ಕೇಳಿಸದಿರುವುದು ಈ ಸದ್ದು. ಅಲ್ಲಿಂದ ಮುಂದೆ ಎಲ್ಲವೂ ಬಲು ಬೇಗ. ಒಂದೆರಡು ನಿಮಿಷ ಮೈಮರೆತರೆ ಎರಡನೇ ಬಾರಿ ಬಿರಿದು, ಎಣ್ಣೆ ಹೊರಬಂದು, ಕಹಿಯಾಗುತ್ತದೆ.

ನಮ್ಮ ಆಲೆಮನೆಗಳಲ್ಲಿ ಪಾಕದ ಹದ ನೋಡುವವರನ್ನು ನೆನೆದುಕೊಳ್ಳಿ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ 'ಇಳಿಸಿ' ಎನ್ನುತ್ತಾರೆ. ಗಡಿಯಾರ ನೋಡುವುದಿಲ್ಲ. ಕಾಫಿಯಲ್ಲೂ ಗಡಿಯಾರ ಕೈಕೊಡುತ್ತದೆ. ಮಳೆಗಾಲದಲ್ಲಿ ಬೀಜ ತೇವ ಎಳೆದುಕೊಂಡಿದ್ದರೆ ಹೆಚ್ಚು ಹೊತ್ತು ಬೇಕು. ಪೀಬೆರಿ ಒಂದು ರೀತಿ, ರೊಬಸ್ಟಾ ಇನ್ನೊಂದು ರೀತಿ. ಆದ್ದರಿಂದ ಯಂತ್ರ ಸಮಯವನ್ನಲ್ಲ, ಉಷ್ಣಾಂಶವನ್ನು ಅಳೆಯಬೇಕು. ಅದಕ್ಕೆ ಬಳಸುವ ಸಾಧನಗಳಲ್ಲಿ ಥರ್ಮೋಕಪಲ್ ಒಂದು. ಎರಡು ಬೇರೆ ಬೇರೆ ಲೋಹದ ತಂತಿಗಳ ಬೆಸುಗೆ ಬಿಸಿಯಾದಾಗ ಸಣ್ಣ ವಿದ್ಯುತ್ ವಿಭವ ಹುಟ್ಟುತ್ತದೆ. ಕೆ ಮಾದರಿಯದಾದರೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಒಳಗಿನ ಚಿಪ್ ಅದನ್ನು ಓದಿ ಹೀಟರನ್ನೂ ಫ್ಯಾನನ್ನೂ ಹೆಚ್ಚು ಕಡಿಮೆ ಮಾಡುತ್ತದೆ. ಹದ ಬಂದೊಡನೆ ತಣ್ಣನೆ ಗಾಳಿ ಬಿಡಬೇಕು, ಇಲ್ಲದಿದ್ದರೆ ಬೀಜ ತನ್ನ ಬಿಸಿಯಲ್ಲೇ ಮುಂದೆ ಬೇಯುತ್ತದೆ. ಉದುರುವ ಹೊಟ್ಟಿಗೆ ಜಾಲರಿ ಬೇಕು, ಹೊಗೆಗೆ ದಾರಿ ಬೇಕು. ಅಡುಗೆಮನೆಯಲ್ಲಿಡುವ ಪೆಟ್ಟಿಗೆಗೆ ಈ ಹೊಗೆಯೇ ದೊಡ್ಡ ತಲೆನೋವು.

ಉಳಿದ ಎರಡು ಕೆಲಸ ಸುಲಭ. ಒಂದು ಸೆಂ.ಮೀ. ಘನವನ್ನು ಒಂದು ಮಿ.ಮೀ. ಘನಗಳಾಗಿ ಕತ್ತರಿಸಿದರೆ ಮೇಲ್ಮೈ 6 ಚದರ ಸೆಂ.ಮೀ.ಯಿಂದ 60ಕ್ಕೆ ಏರುತ್ತದೆ. ಪುಡಿ ಮಾಡುವುದರ ಉದ್ದೇಶ ಅಷ್ಟೇ, ನೀರಿಗೆ ಹೆಚ್ಚು ಜಾಗ ಸಿಗಲಿ ಎಂದು. 150 ಮಿ.ಲೀ. ನೀರನ್ನು 25ರಿಂದ 95 ಡಿಗ್ರಿಗೆ ತರಲು ಸುಮಾರು 44 ಕಿಲೋಜೂಲ್ ಸಾಕು. 1500 ವ್ಯಾಟ್ ಹೀಟರಿಗೆ ಅದು ಅರ್ಧ ನಿಮಿಷದ ಕೆಲಸ. ಮನೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಭಾರಕ್ಕೆ ತಾನೇ ನಿಧಾನವಾಗಿ ತೊಟ್ಟಿಕ್ಕುತ್ತದೆ. ಎಸ್ಪ್ರೆಸೊ ಯಂತ್ರ ವಾತಾವರಣದ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡ ಹಾಕಿ ಅರ್ಧ ನಿಮಿಷದಲ್ಲಿ ಇಳಿಸುತ್ತದೆ.

ಹಾಗಾದರೆ ಆಗಷ್ಟೇ ಹುರಿದದ್ದು ಎಲ್ಲಕ್ಕಿಂತ ರುಚಿಯೇ? ನಾನೂ ಹಾಗೆಂದುಕೊಂಡಿದ್ದೆ. ಹೊಸದಾಗಿ ಹುರಿದ ಬೀಜದ ತುಂಬ ಇಂಗಾಲದ ಡೈಆಕ್ಸೈಡ್ ಇರುತ್ತದೆ. ತಕ್ಷಣ ಬಿಸಿನೀರು ಹಾಕಿದರೆ ಪುಡಿ ನೊರೆಯಾಗಿ ಉಬ್ಬಿ ನೀರನ್ನು ಹತ್ತಿರ ಬಿಡುವುದಿಲ್ಲ, ಸಾರ ಸಮನಾಗಿ ಇಳಿಯುವುದಿಲ್ಲ. ಅದಕ್ಕೇ ಹುರಿಯುವವರು ಕನಿಷ್ಠ ಒಂದು ದಿನವಾದರೂ ಬೀಜವನ್ನು ಆರಲು ಬಿಡುತ್ತಾರೆ. ಮಾಮು ಇದನ್ನು 'ಬೀಜ ಉಸಿರು ಬಿಡಲಿ' ಎನ್ನುತ್ತಾರೆ. ಕಾಲು ಗಂಟೆಯಲ್ಲಿ ಎಲ್ಲ ಮುಗಿಸುವ ಯಂತ್ರಕ್ಕೆ ಆ ಪುರುಸೊತ್ತು ಎಲ್ಲಿಂದ ಬರಬೇಕು? ಇನ್ನು ನಮ್ಮ ಕಡೆಯ ಕಾಫಿಗೆ ಚಿಕೋರಿ ಬೇಕು. (ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದೆಂಬುದು ಕಾನೂನು.) ಯಾವ ಮನೆಗೆ ಎಷ್ಟು ಎಂಬುದು ಮಾಮುವಿಗೆ ಬಾಯಿಪಾಠ. ಆ ಗಿರಾಕಿಯದೇ ಶೇ. 30.

ಆದರೂ ಆ ಯಂತ್ರದಿಂದ ಒಂದು ವಿಷಯ ಕಲಿಯಬಹುದು ಅನ್ನಿಸಿತು. ಭೌತಶಾಸ್ತ್ರ ಉಪನ್ಯಾಸಕರನ್ನು ಕೇಳಿ ಪ್ರಯೋಗಾಲಯದ ಥರ್ಮೋಕಪಲ್ ಇರುವ ಮಲ್ಟಿಮೀಟರ್ ತೆಗೆದುಕೊಂಡು ಹೋದೆ. ಮಾದರಿ ತೆಗೆಯುವ ತೂತಿನಿಂದ ತುದಿಯನ್ನು ಬೀಜದ ನಡುವೆ ಇಳಿಸಿದೆವು. ಮಾಮು ಮೀಟರ್ ಕಡೆ ನೋಡದೆ, ಮೂಗಿನಿಂದಲೇ ಹದ ಹಿಡಿದು "ಈಗ" ಎನ್ನಬೇಕು, ನಾನು ಅಂಕಿ ಬರೆದುಕೊಳ್ಳಬೇಕು. ನಾಲ್ಕು ಬಾರಿ ಪೀಬೆರಿ ಹುರಿದೆವು. ಮೂರು ಬಾರಿ ಅವರ "ಈಗ" ಮೂರು ಡಿಗ್ರಿಯೊಳಗೇ ಬಂತು. ನಾಲ್ಕನೆಯ ಸಲ ಪಕ್ಕದ ಅಂಗಡಿಯವರು ಒಗ್ಗರಣೆ ಹಾಕಿದರು, ಅಂಕಿ ಹನ್ನೊಂದು ಡಿಗ್ರಿ ಮೇಲೆ ಹೋಯಿತು. ಮಾಮು ಬೀಜವನ್ನು ನೋಡಿದರು, ಮೀಟರನ್ನು ನೋಡಿದರು, ಏನೂ ಹೇಳದೆ ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ ಮೊದಲ ಮೂರರ ಸರಾಸರಿ ಬರೆದರು. ಪಕ್ಕದಲ್ಲಿ ರೊಬಸ್ಟಾಕ್ಕೆ ಜಾಗ ಬಿಟ್ಟರು.

ಕಾಲೇಜಿನ ಮೀಟರ್ ಸೋಮವಾರ ವಾಪಸ್ ಕೊಟ್ಟೆ. ಹಾಗೆ ಕೇಳುವಾಗ ಉಪನ್ಯಾಸಕರು ಬೆಂಗಳೂರಿನ ಕಾಫಿ ಮಂಡಳಿ ಹುರಿಯುವುದಕ್ಕೂ ರುಚಿ ನೋಡುವುದಕ್ಕೂ 'ಕಾಪಿ ಶಾಸ್ತ್ರ' ಎಂಬ ತರಬೇತಿ ಕೊಡುತ್ತದೆ ಎಂದರು. ಮಾಮುವಿಗೆ ಹೇಳಿದೆ. "ನೀನು ಹೋಗು, ನನಗೆ ಅಂಥದೇ ಒಂದು ಮೀಟರ್ ತಂದುಕೊಡು" ಎಂದು ಗಲ್ಲದಿಂದ ದುಡ್ಡು ಎಣಿಸಿ ಕೊಟ್ಟರು.