ಕಾರಿನ ರಿಮೋಟ್ ಕೀಲಿಕೈ ಕೈಕೊಟ್ಟಾಗ

ಇಂದು ನಮ್ಮ ಅನೇಕ ಮನೆಗಳ ಮುಂದೆ ಕಾರು ನಿಂತಿರುತ್ತದೆ. 1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ರೆನೊ ಕಾರುಗಳಲ್ಲಿ ಕಾಣಿಸಿಕೊಂಡ ರಿಮೋಟ್ ಬೀಗದ ಸೌಕರ್ಯ ಈಗ ಸಾಧಾರಣ ಬೆಲೆಯ ಕಾರುಗಳಿಗೂ ದೊರೆತಿದೆ. ಆದರೆ ಊರಿಗೆ ಹೊರಟು ನಿಂತ ಹೊತ್ತಿನಲ್ಲಿ ಗುಂಡಿ ಒತ್ತಿದರೂ ಬಾಗಿಲು ತೆರೆಯದಿದ್ದರೆ ಮನೆಮಂದಿಯೆಲ್ಲ ಗಾಬರಿಗೊಳ್ಳುವುದು ಸಹಜ. ಹೊಸ ಕೀಲಿಕೈಗೆ ಹಣ ತೆರುವ ಮುನ್ನ ನಾವು ಕ್ರಮವಾಗಿ ಪರೀಕ್ಷಿಸಬೇಕಾದ ಸಂಗತಿಗಳು ಕೆಲವಿವೆ.

ಇಂದಿನ ಬಹುತೇಕ ಕೀಲಿಕೈಗಳಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ಅಡಗಿರುತ್ತವೆ. ಬಾಗಿಲು ತೆರೆಯಲು ರೇಡಿಯೋ ಸಂಕೇತ ಕಳಿಸುವ ಭಾಗಕ್ಕೆ ಸೆಲ್ ಬೇಕು. ಕಳ್ಳತನ ತಡೆಯುವ ಪುಟ್ಟ ಚಿಪ್ಪಿಗೆ ಸೆಲ್ ಬೇಡ. ಅದು ಕಾರಿನಿಂದಲೇ ಶಕ್ತಿ ಪಡೆಯುತ್ತದೆ. ಆದ್ದರಿಂದ ಸೆಲ್ ಮುಗಿದರೂ ಲೋಹದ ಕೀಲಿಕೈಯಿಂದ ಬಾಗಿಲು ತೆರೆದು ಕಾರನ್ನು ಚಾಲೂ ಮಾಡಬಹುದು. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳ ರಿಮೋಟಿನೊಳಗೂ ಸಾಮಾನ್ಯವಾಗಿ ಒಂದು ಲೋಹದ ಕೀಲಿಕೈ ಅಡಗಿರುತ್ತದೆ. ಅಂತಹ ಹಲವು ಕಾರುಗಳಲ್ಲಿ ರಿಮೋಟನ್ನು ಆ ಗುಂಡಿಗೆ ತಾಗಿಸಿ ಹಿಡಿದರೆ ಎಂಜಿನ್ ಚಾಲೂ ಆಗುತ್ತದೆ.

ಮೊದಲು ಮನೆಯಲ್ಲಿರುವ ಎರಡನೆಯ ಕೀಲಿಕೈಯನ್ನು ಪ್ರಯೋಗಿಸಬೇಕು. ಅದು ಕೆಲಸ ಮಾಡಿದರೆ ದೋಷ ಮೊದಲನೆಯದರಲ್ಲಿದೆ. ಎರಡೂ ಕೆಲಸ ಮಾಡದಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿ ಸೋತಿರಬಹುದು. ದೀಪ, ಹಾರ್ನ್ ನೋಡಿದರೆ ಇದು ತಿಳಿಯುತ್ತದೆ. ಅವು ಸರಿಯಿದ್ದರೆ, ಸಮೀಪದ ಬೇರೆ ರೇಡಿಯೋ ತರಂಗಗಳು ಅಡ್ಡಿಪಡಿಸುತ್ತಿರಬಹುದು. ಕಾರನ್ನು ಬೇರೆಡೆಗೆ ಒಯ್ದು ಮತ್ತೊಮ್ಮೆ ಪರೀಕ್ಷಿಸುವುದು ಒಳಿತು.

ಹತ್ತಿರ ಹೋದರೆ ಮಾತ್ರ ಬಾಗಿಲು ತೆರೆಯುವುದು ಸೆಲ್ ಕ್ಷೀಣಿಸಿದ ಲಕ್ಷಣ. ಅನೇಕ ರಿಮೋಟುಗಳಲ್ಲಿ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಇರುತ್ತದೆ. ಇದರ ಹೆಸರಿನಲ್ಲಿಯೇ ಅಳತೆಯಿದೆ: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಹಳೆಯ ಸೆಲ್ಲಿನ ಸಂಖ್ಯೆ ನೋಡಿಯೇ ಹೊಸದನ್ನು ಕೊಳ್ಳಬೇಕು, ಧನ ಚಿಹ್ನೆಯ ದಿಕ್ಕು ತಪ್ಪದಂತೆ ಕೂಡಿಸಬೇಕು. ಒಳಗಿನ ಲೋಹದ ಪಟ್ಟಿಗಳಲ್ಲಿ ಕಿಲುಬಿದ್ದರೆ ಒಣಬಟ್ಟೆಯಿಂದ ಒರೆಸಬೇಕು. ಮಳೆಯಲ್ಲಿ ನೆನೆದ ರಿಮೋಟಿನ ಸೆಲ್ ಕೂಡಲೇ ತೆಗೆದು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು.

ಹೊಸ ಸೆಲ್ ಹಾಕಿದರೂ ಫಲವಿಲ್ಲದಿದ್ದರೆ ಇನ್ನೊಂದು ಕಾರಣವಿರಬಹುದು. ಕಳ್ಳರು ಸಂಕೇತವನ್ನು ನಕಲು ಮಾಡದಿರಲೆಂದು ಗುಂಡಿ ಒತ್ತಿದಾಗಲೆಲ್ಲ ರಿಮೋಟು ಹೊಸ ಸಂಕೇತವನ್ನು ಕಳಿಸುತ್ತದೆ. ಕಾರಿನಿಂದ ದೂರದಲ್ಲಿ ಮಕ್ಕಳು ಆಟವಾಡುತ್ತ ಅದನ್ನು ನೂರಾರು ಸಲ ಒತ್ತಿದರೆ ಎರಡರ ಲೆಕ್ಕ ತಪ್ಪಬಹುದು. ಮತ್ತೆ ಹೊಂದಿಸುವ ವಿಧಾನ ಕೆಲವು ಕಾರುಗಳ ಕೈಪಿಡಿಯಲ್ಲಿಯೇ ಇರುತ್ತದೆ. ಉಳಿದವನ್ನು ಸರ್ವಿಸ್ ಕೇಂದ್ರಕ್ಕೆ ಒಯ್ಯಬೇಕು. ಕೆಳಗೆ ಬಿದ್ದು ಒಳಗಿನ ಬೆಸುಗೆ ಬಿರಿದಿದ್ದರೆ ಅದು ನುರಿತ ಕೆಲಸಗಾರನ ಪಾಲಿನದು.

ಇವೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದನ್ನು ನಮ್ಮ ತಾಯಂದಿರೂ ತಂದೆಯರೂ ಗಮನಿಸಬೇಕು. ತೆಗೆದಿಟ್ಟ ಹಳೆಯ ಸೆಲ್ ನಿರುಪಯೋಗಿ ಎಂದು ಮೇಜಿನ ಮೇಲೆ ಬಿಡಬಾರದು. ರಿಮೋಟಿಗೆ ಸಾಲದ ಸೆಲ್ಲಿನಲ್ಲಿಯೂ ಮಗುವಿಗೆ ಅಪಾಯ ತರುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅದರ ವಿದ್ಯುತ್ತಿನಿಂದ ಸುಡುವ ಕ್ಷಾರ ಉಂಟಾಗಿ ಎರಡೇ ಗಂಟೆಗಳಲ್ಲಿ ತೀವ್ರ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಲಕ್ಷಣಗಳಿಗಾಗಿ ಕಾಯದೆ, ಎಕ್ಸ್‌ರೇ ಸೌಲಭ್ಯವುಳ್ಳ ಆಸ್ಪತ್ರೆಗೆ ತಕ್ಷಣ ಧಾವಿಸಬೇಕು. ಹಳೆಯ ಸೆಲ್ಲಿನ ಎರಡೂ ಬದಿಗೆ ಟೇಪು ಸುತ್ತಿ, ಮಕ್ಕಳ ಕೈಗೆಟುಕದಂತಿರಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದೇ ಯೋಗ್ಯ. ಬಾಗಿಲು ಸ್ವಲ್ಪ ತಡವಾಗಿ ತೆರೆದರೆ ನಷ್ಟವಿಲ್ಲ. ಈ ವಿಷಯದಲ್ಲಿ ಮಾತ್ರ ಕ್ಷಣದ ಅಲಕ್ಷ್ಯವೂ ಸಲ್ಲದು.