ಬಣ್ಣವಿಟ್ಟ ಮರದ ನೆಲಕ್ಕೆ ನೀರಿನ ವಾರ್ನಿಷು

ಬೆಳಗಾವಿಯಿಂದ ವೆಂಗುರ್ಲೆಯ ರಸ್ತೆ ಹಿಡಿದು ಹೊರಟವರಿಗೆ ಕ್ಯಾಂಪಿನ ಸಾಲುಮರಗಳು ಮುಗಿಯುತ್ತಿದ್ದಂತೆ ಸಿಗುವ ಊರು ಹಿಂಡಲಗಾ. ಹೊರಗಿನವರಿಗೆ ಅದು ಕಾರಾಗೃಹದ ಊರು. ಸುತ್ತಿನ ಭಕ್ತರಿಗೆ ಗಣಪತಿಯ ಊರು. ಈ ಸೀಮೆಯ ಗೃಹಸ್ಥರಿಗೆ ಮರದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಕ್ಷಿಣಕ್ಕೆ ಹೊರಳಿದರೆ ಖಾನಾಪುರದ ಕಾಡು. ಅಲ್ಲಿ ತೇಗ, ಮತ್ತಿ, ನಂದಿ, ಹೊನ್ನೆ. ತೊಲೆಯ ಮೇಲೆ ಹಲಗೆ ಹಾಸಿ ಮಾಳಿಗೆ ಕಟ್ಟಿದ ಹಳೆಯ ಮನೆಗಳು ಈ ಭಾಗದಲ್ಲಿ ಇನ್ನೂ ನಿಂತಿವೆ. ಹೊಸದಾಗಿ ಕಟ್ಟಿಸುವವರಲ್ಲಿಯೂ ಒಂದು ಕೋಣೆಗಾದರೂ ಮರದ ನೆಲವಿರಲಿ ಎಂದು ಆಸೆಪಡುವವರುಂಟು.

ಆದರೆ ಹಲಗೆಯ ನೆಲವನ್ನು ಹಾಸುವುದು ಒಂದು ಕೆಲಸ, ಕಾಪಾಡುವುದು ಇನ್ನೊಂದು. ನಡೆದಾಟದಿಂದ ಮೆರುಗು ಹೋಗುತ್ತದೆ. ಚಹಾದ ಬಟ್ಟಲು, ಎಣ್ಣೆಯ ಜಿಡ್ಡು, ಮಳೆಗಾಲದ ಒದ್ದೆ ಕಾಲು ಒಂದೊಂದೂ ತನ್ನ ಗುರುತನ್ನು ಉಳಿಸಿ ಹೋಗುತ್ತದೆ. ಆಗ ಮನೆಯವರು ನೆಲವನ್ನು ಉಜ್ಜಿ, ಮಾಸಿದ ಹಲಗೆಗಳಿಗೆಲ್ಲ ಸಮನಾದ ಕಂದುಬಣ್ಣವಿಟ್ಟು, ಮೇಲೊಂದು ಪಾರದರ್ಶಕ ಲೇಪ ಕೊಡಬೇಕೆಂದು ಯೋಚಿಸುತ್ತಾರೆ. ಹಿಂದೆ ಈ ಲೇಪವೆಂದರೆ ಅರಗಿನ ಪಾಲಿಶು, ಇಲ್ಲವೆ ಎಣ್ಣೆಯ ವಾರ್ನಿಷು. ಈಗ ಅಂಗಡಿಗಳಲ್ಲಿ ನೀರಿನ ವಾರ್ನಿಷು ದೊರೆಯುತ್ತದೆ. ಅದರ ವಾಸನೆ ಕಡಿಮೆ, ಅದು ಬೇಗ ಒಣಗುತ್ತದೆ, ಬ್ರಶ್ಶನ್ನು ತೊಳೆಯಲು ನಲ್ಲಿಯ ನೀರೇ ಸಾಕು. ಮಕ್ಕಳು ಮುದುಕರಿರುವ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಆದರೂ ಮನೆಯಲ್ಲಿ ತಾವೇ ಕೈಯಿಕ್ಕಿದವರಲ್ಲಿ ಕೆಲವರು ಪೇಚಿಗೆ ಸಿಲುಕುವುದುಂಟು. ಹದಿನೈದು ದಿನದಲ್ಲಿ ಲೇಪ ಹಾಳೆಹಾಳೆಯಾಗಿ ಏಳುತ್ತದೆ. ಇಲ್ಲವೆ ಇಟ್ಟ ಬಣ್ಣವೆಲ್ಲ ಬ್ರಶ್ಶಿಗೆ ಬಂದು ನೆಲ ಚಿತ್ತಾಗುತ್ತದೆ. ಇದು ಕೇವಲ ಅಂದದ ಮಾತಲ್ಲ. ಕೆಟ್ಟ ಲೇಪವನ್ನು ತೆಗೆಯಲು ನೆಲವನ್ನು ಮತ್ತೆ ಉಜ್ಜಬೇಕು. ಪ್ರತಿ ಉಜ್ಜಿಗೂ ಮರದ ಒಂದು ಪದರು ಧೂಳಾಗಿ ಹೋಗುತ್ತದೆ. ಅಜ್ಜನ ಕಾಲದ ತೇಗದ ಹಲಗೆ ಇಂಥ ಉಜ್ಜುಗಳನ್ನು ಕೆಲವು ಸಲ ಮಾತ್ರ ತಾಳೀತು. ಮೇಲೆ ತೆಳುವಾದ ಒಳ್ಳೆಯ ಮರ, ಕೆಳಗೆ ಪ್ಲೈವುಡ್ ಇರುವ ಈಗಿನ ಹಲಗೆಗಳಾದರೆ ಒಂದೆರಡು ಸಲವೇ ಹೆಚ್ಚು.

ಹಾಲಿನಂತೆ ಬಿಳುಪೇಕೆ?

ಡಬ್ಬಿಯ ಮುಚ್ಚಳ ತೆಗೆದರೆ ನೀರಿನ ವಾರ್ನಿಷು ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಬಣ್ಣವಿಟ್ಟ ನೆಲದ ಮೇಲೆ ಇದನ್ನು ಸುರಿಯುವುದೆ ಎಂದು ಹೊಸಬರು ಹೆದರುವುದು ಸಹಜ. ಹಾಲಿನಲ್ಲಿ ಕೊಬ್ಬಿನ ಕಣಗಳು ತೇಲುವಂತೆ ಇದರಲ್ಲಿ ಪಾಲಿಯುರೆಥೇನ್, ಅಕ್ರಿಲಿಕ್ ಮುಂತಾದ ರಾಳಗಳ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ಬಿಳುಪಿಗೆ ಅದೇ ಕಾರಣ. ಲೇಪಿಸಿದ ಮೇಲೆ ಮೊದಲು ನೀರು ಆರಿ ಹೋಗುತ್ತದೆ. ಕಣಗಳು ಒಂದಕ್ಕೊಂದು ಒತ್ತಿ, ಮಜ್ಜಿಗೆಯಲ್ಲಿ ತೇಲುವ ಬೆಣ್ಣೆಯ ಕಣಗಳು ಮುದ್ದೆಯಾಗುವಂತೆ, ಬೆಸೆದು ಒಂದೇ ಪೊರೆಯಾಗುತ್ತವೆ. ಈ ಬೆಸುಗೆಗೆ ನೆರವಾಗಲೆಂದು ನಿಧಾನವಾಗಿ ಆರುವ ಸ್ವಲ್ಪ ದ್ರಾವಕವನ್ನೂ ಅದರಲ್ಲಿ ಸೇರಿಸಿರುತ್ತಾರೆ. ಒಮ್ಮೆ ಬೆಸೆದ ಪೊರೆಯನ್ನು ಮತ್ತೆ ನೀರು ಕರಗಿಸಲಾರದು.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು: ಗಾಳಿಯಲ್ಲಿ ತೇವ ಹೆಚ್ಚಾಗಿದ್ದರೆ ನೀರು ಆರದೆ ನಿಂತು, ಬೆಸುಗೆ ಕೆಟ್ಟು, ಪೊರೆ ಮಂಕಾಗಬಹುದು. ಬೆಳಗಾವಿಯ ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಳುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗಂತೂ ಮಳೆ ಇನ್ನೂ ಜೋರು. ಆ ತಿಂಗಳುಗಳಲ್ಲಿ ಹಲಗೆಯೇ ತೇವ ಕುಡಿದು ಉಬ್ಬಿರುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ನೆಲದ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನಿಂದ ಹೋಳಿಯವರೆಗಿನ ಒಣ ದಿನಗಳೇ ಲೇಸು. ಎರಡು: ನೀರಿನ ವಾರ್ನಿಷು ತನ್ನದಾಗಿ ಬಣ್ಣವನ್ನು ಹೆಚ್ಚೇನೂ ಸೇರಿಸುವುದಿಲ್ಲ. ಎಣ್ಣೆಯ ವಾರ್ನಿಷು ಮರಕ್ಕೆ ಜೇನಿನ ಛಾಯೆ ಕೊಡುತ್ತದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ. ನೀರಿನದು ಇಟ್ಟ ಬಣ್ಣವನ್ನು ಇಟ್ಟಂತೆಯೇ ತೋರಿಸುತ್ತದೆ. ಬಣ್ಣದಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಮರೆಮಾಡದು.

ಬಣ್ಣ ಒಣಗಿತೆ?

ಎಲ್ಲ ಪೇಚಿನ ಬೇರು ಈ ಒಂದು ಪ್ರಶ್ನೆಯಲ್ಲಿದೆ. ಮರಕ್ಕಿಡುವ ಬಣ್ಣದಲ್ಲಿ ಎಣ್ಣೆಯದು, ನೀರಿನದು, ಸ್ಪಿರಿಟ್ಟಿನದು ಎಂದು ಬಗೆಗಳುಂಟು. ಎಣ್ಣೆಯ ಬಣ್ಣ ಹಸಿಯಾಗಿರುವಾಗಲೇ ಮೇಲೆ ನೀರಿನ ವಾರ್ನಿಷು ಬಿದ್ದರೆ ಎಣ್ಣೆಗೂ ನೀರಿಗೂ ಕೂಡದೆ ಲೇಪ ಹನಿಗೂಡಿ ಸರಿಯುತ್ತದೆ, ಇಲ್ಲವೆ ಹಿಡಿದಂತೆ ನಟಿಸಿ ಆಮೇಲೆ ಏಳುತ್ತದೆ. ನೀರಿನಲ್ಲಿ ಕರಗುವ ಬಣ್ಣದ ಕಷ್ಟ ಇದಕ್ಕೆ ತಿರುಗುಮುರುಗು: ವಾರ್ನಿಷಿನ ನೀರಿಗೇ ಅದು ಮತ್ತೆ ಕರಗಿ ಬ್ರಶ್ಶಿನ ಹಿಂದೆ ಹರಿದಾಡಲು ತೊಡಗುತ್ತದೆ.

ಎಣ್ಣೆಯ ಬಣ್ಣವನ್ನು ಹಚ್ಚಿದಾಗ ಮರ ಕುಡಿದು ಉಳಿದುದನ್ನು ಬಟ್ಟೆಯಿಂದ ಪೂರ್ತಿ ಒರೆಸಿಬಿಡಬೇಕು. ಮೇಲೆ ನಿಂತ ಬಣ್ಣ ಒಣಗುವುದೂ ಇಲ್ಲ, ಹಿಡಿಯುವುದೂ ಇಲ್ಲ. ಬಳಿಕ ಒಂದು ದಿನದಿಂದ ಮೂರು ದಿನ ಕಾಯಬೇಕು. ತೇಗದಲ್ಲಿ ಸಹಜವಾಗಿಯೇ ಒಂದು ಬಗೆಯ ಎಣ್ಣೆಯಂಶವಿರುವುದರಿಂದ ಅಲ್ಲಿ ಇನ್ನೂ ಒಂದು ದಿನ ಹೆಚ್ಚಾದರೆ ನಷ್ಟವಿಲ್ಲ. ಪರೀಕ್ಷೆ ಸುಲಭ: ಬಿಳಿಯ ಹತ್ತಿಬಟ್ಟೆಯಿಂದ ನೆಲವನ್ನು ಒತ್ತಿ ಒರೆಸಿದಾಗ ಬಟ್ಟೆಗೆ ಬಣ್ಣ ಹತ್ತಬಾರದು, ಮೂಗಿಗೆ ಎಣ್ಣೆಯ ವಾಸನೆ ಬರಬಾರದು, ಅಂಗೈಗೆ ತಂಪು, ಅಂಟು ಎನಿಸಬಾರದು. ಮೂರರಲ್ಲಿ ಒಂದು ತಪ್ಪಿದರೂ ಆ ದಿನ ವಾರ್ನಿಷಿನ ಡಬ್ಬಿ ತೆರೆಯಕೂಡದು.

ಒರೆಸಿದ ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಗಸೆಯೆಣ್ಣೆಯಂಥ ಒಣಗುವ ಎಣ್ಣೆ ಬೆರೆತ ಬಣ್ಣದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಹುಟ್ಟುವ ಕಾವು ಒಳಗೇ ಕೂಡಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅವನ್ನು ಮನೆಯ ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ಹೊನ್ನೆಯ ಗುಟ್ಟು

ಖಾನಾಪುರದ ಕಾಡಿನ ಮರಗಳಲ್ಲಿ ಹೊನ್ನೆಗೆ ಒಂದು ವಿಶೇಷ ಗುಣವಿದೆ. ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿ ಸಕ್ಕರೆ ರೋಗದವರಲ್ಲಿ ಇರುವುದನ್ನು ಬಹಳ ಮಂದಿ ಬಲ್ಲರು. ಆ ನೀರು ಬೆಳಗಾಗುವಷ್ಟರಲ್ಲಿ ಬಣ್ಣ ತಿರುಗಿರುತ್ತದೆ. ಬಿಸಿಲಿಗೆ ಹಿಡಿದರೆ ನೀಲಿಯ ಹೊಳಪು ಕಾಣುತ್ತದೆ. ಮರದ ಬಣ್ಣವೇ ನೀರಿನಲ್ಲಿ ಕರಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇಂಥ ಹಲಗೆಗೆ ನೇರವಾಗಿ ನೀರಿನ ವಾರ್ನಿಷು ಹಚ್ಚಿದರೆ ಒಳಗಿನ ಬಣ್ಣ ಮೇಲೆದ್ದು ಕಲೆಯಾಗುವ ಸಂಭವವುಂಟು. ಒಗರಿನಂಶ ಹೆಚ್ಚಿರುವ ಬೇರೆ ಮರಗಳಿಗೂ ಈ ಮಾತು ಅಲ್ಪಸ್ವಲ್ಪ ಸಲ್ಲುತ್ತದೆ. ಅವುಗಳ ಮೇಲೆ ಕಬ್ಬಿಣದ ಚೂರು ಉಳಿದು ತೇವ ತಗುಲಿದರೆ ಶಾಯಿಯಂಥ ಕಪ್ಪು ಕಲೆ ಏಳುತ್ತದೆ. ಆದಕಾರಣ ನೀರಿನ ವಾರ್ನಿಷಿನ ಕೆಲಸದಲ್ಲಿ ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ನೆಲದ ಹತ್ತಿರ ಸುಳಿಯಗೊಡಬಾರದು.

ನಡುವೆ ನಿಲ್ಲುವ ಅರಗು

ಎಣ್ಣೆಗೂ ನೀರಿಗೂ ಸಂಧಾನ ಮಾಡಿಸಬಲ್ಲ, ಮರದ ಬಣ್ಣವನ್ನು ಮರದಲ್ಲಿಯೇ ತಡೆಯಬಲ್ಲ ವಸ್ತುವೊಂದು ಈ ದೇಶದಲ್ಲಿ ಹಿಂದಿನಿಂದಲೂ ಇದೆ. ಅದೇ ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಕೇಳದವರಿಲ್ಲ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅದೇ ಅರಗು. ಮುತ್ತುಗ, ಬೋರೆ ಮುಂತಾದ ಗಿಡಗಳ ಕೊಂಬೆಯ ಮೇಲೆ ಪುಟ್ಟ ಕೀಟಗಳು ಸುರಿಸುವ ರಾಳ ಇದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿತವಾಯಿತು. ಚುನಾವಣೆಯಲ್ಲಿ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರಿಂದ ಒದಗಿಸುತ್ತ ಬಂದ ಕಾರ್ಖಾನೆ ಅದೇ. ಜರ್ಮನಿಯಲ್ಲಿ ಆಟೋ ಬೇಯರ್ ಮತ್ತು ಆತನ ಸಂಗಡಿಗರು ಪಾಲಿಯುರೆಥೇನನ್ನು ಕಂಡುಹಿಡಿದದ್ದೂ 1937ರಲ್ಲಿಯೇ. ಕಾಡಿನ ಹಳೆಯ ರಾಳವೂ ಪ್ರಯೋಗಶಾಲೆಯ ಹೊಸ ರಾಳವೂ ಇಂದು ಒಂದೇ ಹಲಗೆಯ ಮೇಲೆ ಒಂದರ ಬೆನ್ನಿಗೊಂದು ನಿಲ್ಲುತ್ತವೆ.

ಸ್ಪಿರಿಟ್ಟಿನಲ್ಲಿ ಕರಗಿಸಿದ ತೆಳು ಅರಗಿನ ಒಂದೇ ಲೇಪವನ್ನು ಒಣಗಿದ ಬಣ್ಣದ ಮೇಲೆ ಕೊಟ್ಟರೆ ಅದು ಗಂಟೆಯೊಳಗೆ ಆರಿ, ಕೆಳಗಿನ ಎಣ್ಣೆಯನ್ನೂ ಬಣ್ಣವನ್ನೂ ಬಂಧಿಸುತ್ತದೆ; ಮೇಲಿನ ನೀರಿನ ವಾರ್ನಿಷಿಗೆ ಹಿಡಿತವನ್ನೂ ಕೊಡುತ್ತದೆ. ಆದರೆ ಒಂದು ನಿಯಮವಿದೆ. ಸಾಮಾನ್ಯ ಅರಗಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ಮೇಣವಿರುತ್ತದೆ, ಮೇಣದ ಮೇಲೆ ನೀರಿನ ವಾರ್ನಿಷು ನಿಲ್ಲದು. ಆದ್ದರಿಂದ ಮೇಣ ತೆಗೆದ ಅರಗನ್ನೇ ಕೇಳಿ ತರಬೇಕು. ಅದು ಸಿಗದಿದ್ದರೆ ಅರಗಿನ ದ್ರಾವಣವನ್ನು ಗಾಜಿನ ಸೀಸೆಯಲ್ಲಿ ಅಲುಗಾಡಿಸದೆ ಕೆಲವು ದಿನ ಇಡಬೇಕು. ಮೇಣ ಮಬ್ಬಾಗಿ ತಳ ಸೇರುತ್ತದೆ, ಮೇಲಿನ ತಿಳಿಯನ್ನು ಮೆಲ್ಲಗೆ ಬಸಿದುಕೊಳ್ಳಬಹುದು. ಸ್ಪಿರಿಟ್ಟಿನಲ್ಲಿ ಕರಗುವ ಬಣ್ಣವಿಟ್ಟಿದ್ದರೆ ಮಾತ್ರ ಅರಗನ್ನು ಬ್ರಶ್ಶಿನಿಂದ ಎಳೆದಾಡಬಾರದು, ಆ ಬಣ್ಣ ಸ್ಪಿರಿಟ್ಟಿಗೇ ಎದ್ದು ಬರುತ್ತದೆ. ವಾರ್ನಿಷಿನ ತಯಾರಕರು ತಮ್ಮದೇ ತಳಲೇಪವನ್ನು ಸೂಚಿಸಿದ್ದರೆ ಅದನ್ನು ಬಳಸುವುದು ಇನ್ನೂ ನಿಶ್ಚಿಂತೆ. ಸ್ಪಿರಿಟ್ಟು ಬೇಗ ಹೊತ್ತಿಕೊಳ್ಳುವುದರಿಂದ, ಅರಗಿನ ಕೆಲಸ ನಡೆಯುವಾಗ ದೇವರ ದೀಪವೂ ಅಡಿಗೆಯ ಒಲೆಯೂ ಆರಿರಬೇಕು, ಕಿಟಕಿಗಳು ತೆರೆದಿರಬೇಕು.

ಲೇಪಿಸುವ ಕ್ರಮ

ಬಣ್ಣವಿಡುವ ಮೊದಲೇ ನೆಲವನ್ನು ಒರಟಾದ ಮರಳುಕಾಗದದಿಂದ ಆರಂಭಿಸಿ, 60, 80, 100ನೆಯ ನಂಬರುಗಳಿಗೆ ಏರುತ್ತ, ಎಳೆಯ ಉದ್ದಕ್ಕೆ ಉಜ್ಜಿರಬೇಕು. ನೀರು ತಗುಲಿದಾಗ ಮರದ ಎಳೆ ಮುಳ್ಳಿನಂತೆ ಏಳುವುದರಿಂದ, ಉಜ್ಜಿದ ನೆಲವನ್ನು ಒಮ್ಮೆ ಒದ್ದೆಬಟ್ಟೆಯಿಂದ ಒರೆಸಿ, ಚೆನ್ನಾಗಿ ಆರಿದ ಮೇಲೆ ಎದ್ದ ಎಳೆಯನ್ನು ಹಗುರವಾಗಿ ತೆಗೆದುಬಿಟ್ಟರೆ ವಾರ್ನಿಷಿನ ಕಾಲಕ್ಕೆ ತೊಂದರೆ ತಗ್ಗುತ್ತದೆ. ಬಣ್ಣವಿಟ್ಟ ಮೇಲೆ ಬರಿಯ ಬಣ್ಣವನ್ನು ಉಜ್ಜಲೇಬಾರದು. ಬಿಳಿಯ ಮರ ಇಣುಕುತ್ತದೆ.

ಹನ್ನೆರಡು ಅಡಿ ಉದ್ದಗಲದ ಕೋಣೆಗೆ ಮೂರು ಲೇಪಕ್ಕೆ ಸುಮಾರು ನಾಲ್ಕು ಲೀಟರು ವಾರ್ನಿಷು ಬೇಕಾದೀತು. ಡಬ್ಬಿಯನ್ನು ಕುಲುಕಬಾರದು, ಗುಳ್ಳೆ ಏಳುತ್ತದೆ. ಕೋಲಿನಿಂದ ತಳದವರೆಗೆ ಮೆಲ್ಲಗೆ ಕಲಕಬೇಕು. ಪ್ರಾಣಿಯ ಕೂದಲಿನ ಬ್ರಶ್ಶು ನೀರು ಕುಡಿದು ಮೆತ್ತಗಾಗುವುದರಿಂದ ನೈಲಾನಿನದು ಬೇಕು. ಕಿಟಕಿಯ ಗೋಡೆಯಿಂದ ಆರಂಭಿಸಿ ಬಾಗಿಲ ಕಡೆಗೆ ಹಿಂದೆ ಸರಿಯುತ್ತ, ಎರಡು ಮೂರು ಹಲಗೆಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒಂದೇ ಎಳೆತದಲ್ಲಿ ಮುಗಿಸಬೇಕು. ಹಚ್ಚಿದ ಅಂಚು ಹಸಿಯಾಗಿರುವಾಗಲೇ ಪಕ್ಕದ ಸಾಲು ಬಂದು ಕೂಡಬೇಕು. ಅರ್ಧ ಆರಿದ ಜಾಗಕ್ಕೆ ಮತ್ತೆ ಬ್ರಶ್ಶನ್ನು ಒಯ್ಯುವ ಚಪಲವನ್ನು ತಡೆದುಕೊಳ್ಳಬೇಕು. ತಪ್ಪಿದ ಚುಕ್ಕೆಯನ್ನು ಮುಂದಿನ ಲೇಪ ತುಂಬಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಫ್ಯಾನು ತಿರುಗಬಾರದು, ನೆಲಕ್ಕೆ ನೇರ ಬಿಸಿಲು ಬೀಳಬಾರದು.

ಎರಡು ಮೂರು ಗಂಟೆಗಳಲ್ಲಿ ಲೇಪ ಕೈಗೆ ಅಂಟದಂತಾಗುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಎರಡನೆಯದನ್ನು ಕೊಡಬಹುದು. ಎರಡನೆಯ ಲೇಪವೂ ಆರಿದ ಮೇಲೆ 220ನೆಯ ನಂಬರಿನ ಕಾಗದದಿಂದ ಹಗುರವಾಗಿ ಸವರಿ, ಧೂಳನ್ನು ಒರೆಸಿ, ಮೂರನೆಯದನ್ನು ಕೊಡಬೇಕು. ಮೊದಲ ಲೇಪದ ಮೇಲೆಯೇ ಉಜ್ಜಿದರೆ ತೆಳುವಾದ ಪೊರೆ ಹರಿದು ಬಣ್ಣಕ್ಕೆ ಪೆಟ್ಟಾದೀತು. ಹೆಚ್ಚು ನಡೆದಾಡುವ ಪಡಸಾಲೆಗೆ ನಾಲ್ಕನೆಯ ಲೇಪವೂ ವ್ಯರ್ಥವಲ್ಲ.

ಇಷ್ಟನ್ನೂ ಇಡೀ ಕೋಣೆಯಲ್ಲಿ ಮಾಡುವುದಕ್ಕಿಂತ ಮೊದಲು ಬಾಗಿಲ ಹಿಂದಿನ ಒಂದು ಗೇಣು ಜಾಗದಲ್ಲಿಯೋ ಅದೇ ಮರದ ತುಂಡಿನ ಮೇಲೆಯೋ ಬಣ್ಣ, ಅರಗು, ವಾರ್ನಿಷು ಎಲ್ಲವನ್ನೂ ಕ್ರಮವಾಗಿ ಹಚ್ಚಿ ನೋಡಬೇಕು. ಪೂರ್ತಿ ಆರಿದ ಬಳಿಕ ಅಂಟುಪಟ್ಟಿಯನ್ನು ಒತ್ತಿ ಕಿತ್ತಾಗ ಲೇಪ ಅದರೊಡನೆ ಬರದಿದ್ದರೆ ಮುಂದುವರಿಯಲು ಅಡ್ಡಿಯಿಲ್ಲ.

ಕಾಯುವ ವಾರ

ಕೈಗೆ ಆರಿದಂತೆ ತೋರಿದ ಮಾತ್ರಕ್ಕೆ ಪೊರೆ ಗಟ್ಟಿಯಾಯಿತೆಂದು ತಿಳಿಯಬಾರದು. ಒಂದು ದಿನದ ಮೇಲೆ ಬರಿಗಾಲಿನಲ್ಲಿ ಮೆಲ್ಲಗೆ ನಡೆಯಬಹುದು. ಮಂಚ, ಕಪಾಟುಗಳನ್ನು ಎರಡು ಮೂರು ದಿನ ಬಿಟ್ಟು, ಎಳೆಯದೆ ಎತ್ತಿ ತಂದು, ಕಾಲಿಗೆ ಬಟ್ಟೆಯ ತುಂಡು ಕಟ್ಟಿ ಇಡಬೇಕು. ಜಮಖಾನೆ, ಚಾಪೆಗಳಿಗೆ ಒಂದೆರಡು ವಾರ ತಡೆಯಿರಲಿ. ಅಡಿಯಲ್ಲಿ ಗಾಳಿಯಾಡದೆ ಪೊರೆ ಮೆತ್ತಗುಳಿದು ನೇಯ್ಗೆಯ ಗುರುತು ಮೂಡುತ್ತದೆ. ಅಲ್ಲಿಯವರೆಗೆ ನೆಲ ತೊಳೆಯುವ ಮಾತೇ ಬೇಡ. ಆಮೇಲೆಯೂ ಬಕೆಟ್ಟಿನ ನೀರು ಸುರಿಯದೆ ಹಿಂಡಿದ ಬಟ್ಟೆಯಿಂದ ಒರೆಸುವುದೇ ಮರದ ನೆಲಕ್ಕೆ ಹಿತ.

ಲೆಕ್ಕ ಹಾಕಿದರೆ ಈ ಕೆಲಸದಲ್ಲಿ ಕೈಗೆ ದುಡಿಮೆ ಇರುವುದು ಕೆಲವೇ ಗಂಟೆ, ಉಳಿದುದೆಲ್ಲ ಕಾಯುವುದು. ಮಳೆ ಹೋಗುವುದನ್ನು ಕಾಯಬೇಕು, ಬಣ್ಣ ಒಣಗುವುದನ್ನು ಕಾಯಬೇಕು, ಪೊರೆ ಗಟ್ಟಿಯಾಗುವುದನ್ನು ಕಾಯಬೇಕು. ತಾಳಿದವನು ಬಾಳಿಯಾನು ಎಂಬ ಗಾದೆ ಮನುಷ್ಯನಿಗೆ ಹೇಳಿದ್ದಾದರೂ ಹಲಗೆಗೂ ಸಲ್ಲುತ್ತದೆ. ಒಂದು ವಾರ ಪಕ್ಕದ ಕೋಣೆಯಲ್ಲಿ ಇಕ್ಕಟ್ಟಾಗಿ ಮಲಗಿದ ಮನೆಯವರು, ಕಾಡಿನಲ್ಲಿ ಹಲವು ದಶಕ ಬೆಳೆದ ಮರದ ಒಂದು ಪದರನ್ನು ಧೂಳಾಗದಂತೆ ಉಳಿಸಿಕೊಂಡಿರುತ್ತಾರೆ.